ರಂಗಶಾಲೆಯ ಸಂದರ್ಶನಕ್ಕೆ ಎರಡು ನಿಮಿಷದ ಮಾತು: ಯಾವುದನ್ನು ಆರಿಸಲಿ?

ಹೊಸಪರದೆ:

ಒಂದು ವರ್ಷದ ರಂಗಶಿಕ್ಷಣ ಡಿಪ್ಲೊಮಾಗೆ ಅರ್ಜಿ ಹಾಕಿದ್ದೇನೆ. ಸಂದರ್ಶನಕ್ಕೆ ಇನ್ನು ಐದು ವಾರ ಇದೆ. ಕರೆಪತ್ರದಲ್ಲಿರುವುದು ಇಷ್ಟೇ: ಯಾವುದಾದರೂ ಕನ್ನಡ ನಾಟಕದಿಂದ ಎರಡು ನಿಮಿಷ ಮೀರದ ಒಂದು ಮಾತಿನ ಭಾಗ ಸಿದ್ಧಪಡಿಸಿಕೊಂಡು ಬರಬೇಕು, ಜೊತೆಗೆ ಒಂದು ಹಾಡು.

ನನಗೆ 23 ವರ್ಷ. ರಾಣೆಬೆನ್ನೂರು ಕಡೆಯವಳು, ಮನೆಯಲ್ಲಿ ಆಡುವುದು ಹಾವೇರಿ ಸೀಮೆಯ ಕನ್ನಡ. ಕಾಲೇಜಿನ ನಾಟಕ, ಬೀದಿನಾಟಕ ಬಿಟ್ಟರೆ ಬೇರೆ ತರಬೇತಿ ಇಲ್ಲ. ಸದ್ಯಕ್ಕೆ ನಾಲ್ಕು ಆಯ್ಕೆ ಇಟ್ಟುಕೊಂಡಿದ್ದೇನೆ: ‘ತುಘಲಕ್’ ನಾಟಕದ ಸುಲ್ತಾನನ ದೊಡ್ಡ ಮಾತು, ‘ನಾಗಮಂಡಲ’ದ ರಾಣಿ, ಕುಮಾರವ್ಯಾಸನ ಸಭಾಪರ್ವದ ದ್ರೌಪದಿ, ಇಲ್ಲವೇ ಹಳೆಯ ಸಿನಿಮಾವೊಂದರ ಕೋರ್ಟ್ ಡೈಲಾಗ್. ಕೊನೆಯದಕ್ಕೆ ಕಾಲೇಜಿನಲ್ಲಿ ಯಾವಾಗಲೂ ಚಪ್ಪಾಳೆ ಬೀಳುತ್ತದೆ.

ಗಂಡಿನ ಪಾತ್ರ ಮಾಡಬಹುದಾ? ನಮ್ಮ ಸೀಮೆಯ ಮಾತಿನಲ್ಲಿ ಮಾಡಿದರೆ ಅಂಕ ಕಳೆಯುತ್ತಾರಾ? ಅಳುವ ದೃಶ್ಯ ತಗೊಂಡರೆ ಒಳ್ಳೆಯದು ಅಂತಾರೆ, ಹೌದಾ? ಇದನ್ನೇ ಸಿನಿಮಾ ಆಡಿಷನ್‌ಗೆ ವಿಡಿಯೊ ಮಾಡಿ ಕಳಿಸಬಹುದಾ?

ಸೈಡ್‌ವಿಂಗ್:

ಮೊದಲು ಕರೆಪತ್ರವನ್ನು ಇನ್ನೊಂದು ಸಲ ಓದಿ. ‘ಕನ್ನಡ ನಾಟಕದಿಂದ’ ಎಂದಿದೆ. ಕುಮಾರವ್ಯಾಸನದು ಕಾವ್ಯ, ನಿಮ್ಮ ನಾಲ್ಕನೆಯದು ಸಿನಿಮಾ. ಎರಡೂ ಅಲ್ಲಿಗೇ ಬಿದ್ದುಹೋದವು. ಕೇಳಿದ್ದನ್ನು ಬಿಟ್ಟು ಬೇರೆ ತಂದವರು ಎಷ್ಟು ಚೆನ್ನಾಗಿ ಮಾಡಿದರೂ, ಹೇಳಿದ್ದನ್ನು ಓದಿಕೊಂಡು ಬಂದಿಲ್ಲ ಎನ್ನುವುದು ಮೊದಲ ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ.

ಸಿನಿಮಾ ಡೈಲಾಗಿಗೆ ಇನ್ನೊಂದು ದೊಡ್ಡ ತೊಂದರೆಯಿದೆ. ಆ ಮಾತನ್ನು ಮೊದಲು ಆಡಿದ ನಟನ ಏರಿಳಿತ ನಿಮ್ಮ ಕಿವಿಯಲ್ಲಿ ಅಚ್ಚೊತ್ತಿ ಕೂತಿದೆ, ಕೇಳುವವರ ಕಿವಿಯಲ್ಲೂ ಕೂತಿದೆ. ನೀವು ಬಾಯಿ ಬಿಟ್ಟ ಕೂಡಲೇ ಅವರಿಗೆ ನೀವು ಕಾಣುವುದಿಲ್ಲ, ಆ ನಟ ಕಾಣುತ್ತಾನೆ. ಕಾಲೇಜಿನ ಚಪ್ಪಾಳೆ ಬಹುಪಾಲು ಆ ನೆನಪಿಗೆ ಬಿದ್ದದ್ದು.

ಇನ್ನು ಸಂದರ್ಶಕರು ನೋಡುವುದು ಏನನ್ನು? ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ (1980ರಿಂದ ಇದೆ), ಮೈಸೂರಿನ ರಂಗಾಯಣ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಇವುಗಳ ನಿಯಮಾವಳಿ ಬೇರೆಬೇರೆ. ಆದರೆ ಎಲ್ಲ ಕಡೆಯೂ ಹುಡುಕುತ್ತಿರುವುದು ವಿದ್ಯಾರ್ಥಿಯನ್ನು. ಪಾತ್ರಕ್ಕೆ ಸಿದ್ಧ ನಟಿಯನ್ನು ಯಾರೂ ಹುಡುಕುತ್ತಿಲ್ಲ. ಈ ಹುಡುಗಿಗೆ ಕಲಿಸಬಹುದೇ, ಹೇಳಿದ್ದನ್ನು ಕೇಳಿಸಿಕೊಂಡು ಬದಲಾಗುತ್ತಾಳೆಯೇ, ಆಡುವ ಮಾತು ಅವಳಿಗೆ ಅರ್ಥವಾಗಿದೆಯೇ, ಎದುರಿಗಿರುವ ವ್ಯಕ್ತಿಯನ್ನು ಕಲ್ಪಿಸಿಕೊಂಡು ಅವನ ಮೇಲೆ ಆ ಮಾತು ನಾಟುವಂತೆ ಆಡುತ್ತಾಳೆಯೇ ಎಂದು ನೋಡುತ್ತಾರೆ. ಹಾಗಾಗಿ ‘ನನ್ನಲ್ಲಿ ಎಷ್ಟು ಭಾವ ಇದೆ ನೋಡಿ’ ಎನ್ನುವ ತುಣುಕು ಬೇಡ. ಪಾತ್ರವು ಇನ್ನೊಬ್ಬರಿಂದ ಏನನ್ನೋ ಪಡೆಯಲೇಬೇಕಾಗಿರುವ, ಅದಕ್ಕಾಗಿ ಎರಡು ನಿಮಿಷದಲ್ಲಿ ಮೂರ್ನಾಲ್ಕು ದಾರಿ ಹುಡುಕುವ ಮಾತು ಬೇಕು. ಕೇಳಿಕೊಳ್ಳುತ್ತಾಳೆ, ಆಗಲಿಲ್ಲ, ಹೆದರಿಸುತ್ತಾಳೆ, ಆಗಲಿಲ್ಲ, ಹಳೆಯದನ್ನು ನೆನಪಿಸುತ್ತಾಳೆ. ಈ ತಿರುವುಗಳು ಸಾಲುಗಳಲ್ಲೇ ಇದ್ದರೆ ನಟನೆ ಅರ್ಧ ದಕ್ಕಿದ ಹಾಗೆ.

ಈ ಕಣ್ಣಿನಿಂದ ನಿಮ್ಮ ಉಳಿದೆರಡು ಆಯ್ಕೆ ನೋಡೋಣ.

‘ತುಘಲಕ್’ (1964). ಹೆಂಗಸರು ಗಂಡಿನ ಪಾತ್ರ ಮಾಡಬಾರದು ಎಂದು ಕರೆಪತ್ರದಲ್ಲಿ ಇಲ್ಲದಿದ್ದರೆ ಧಾರಾಳವಾಗಿ ಮಾಡಬಹುದು. ತೊಂದರೆ ಇರುವುದು ವಯಸ್ಸಿನಲ್ಲಿ ಮತ್ತು ಬಳಕೆಯಲ್ಲಿ. ರಾಜ್ಯ ಕೈಜಾರುತ್ತಿರುವ, ನಿದ್ದೆಗೆಟ್ಟ ಸುಲ್ತಾನನನ್ನು 23ರ ಹುಡುಗಿ ಮಾಡಲು ಹೊರಟರೆ ಮೊದಲು ಆಗುವುದು ಗಂಟಲು ಬಿಗಿಹಿಡಿದು ದನಿಯನ್ನು ಕೆಳಗಿಳಿಸುವುದು. ಗಂಟಲು ಬಿಗಿಯಾದರೆ ಉಸಿರು ಮೇಲಕ್ಕೆ ಬರುತ್ತದೆ, ಉಸಿರು ಮೇಲೆ ಬಂದರೆ ಸಾಲಿನ ಕೊನೆಯ ಕ್ರಿಯಾಪದ ಕೇಳಿಸುವುದಿಲ್ಲ. ಕನ್ನಡದಲ್ಲಿ ವಾಕ್ಯದ ತಿರುಳು ಸಾಮಾನ್ಯವಾಗಿ ಕೊನೆಯ ಪದದಲ್ಲೇ ಇರುವುದರಿಂದ ಇದು ಸಣ್ಣ ನಷ್ಟ ಅಲ್ಲ. ಅದೂ ಅಲ್ಲದೆ ಪ್ರತಿ ವರ್ಷ ಸಾಲುಗಟ್ಟಿ ಬರುವ ಪಾತ್ರ ಇದು. ಮಾಡಲೇಬೇಕು ಅನ್ನಿಸಿದರೆ ದರ್ಬಾರಿನ ಘೋಷಣೆ ಬಿಟ್ಟು, ದೌಲತಾಬಾದಿನ ಕೋಟೆಯ ಮೇಲೆ ರಾತ್ರಿ ಎಳೆಯ ಕಾವಲುಗಾರನ ಜೊತೆ ಆಡುವ ಮಾತು ನೋಡಿ. ಅಲ್ಲಿ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ.

‘ನಾಗಮಂಡಲ’ (1988). ರಾಣಿಯ ವಯಸ್ಸು ನಿಮಗೆ ಹೊಂದುತ್ತದೆ. ಆದರೆ ಎಲ್ಲರೂ ಆರಿಸುವುದು ಬೀಗ ಹಾಕಿದ ಮನೆಯಲ್ಲಿ ಅವಳು ಒಬ್ಬಳೇ ತನಗೆ ತಾನೇ ಕಥೆ ಕಟ್ಟಿಕೊಳ್ಳುವ ಭಾಗ. ಅದರಲ್ಲಿ ಎದುರಾಳಿ ಇಲ್ಲ. ಒಬ್ಬಳೇ ಆಡುವ ಮಾತಿಗೂ ಗುರಿ ಬೇಕು; ಇಲ್ಲದಿದ್ದರೆ ಮುದ್ದುಮಾತು, ಮಗುವಿನ ದನಿ, ಕಣ್ಣರಳಿಸುವುದು, ಇಷ್ಟಕ್ಕೇ ನಿಂತುಬಿಡುತ್ತದೆ. ಅನುಭವ ಇರುವ ನಟಿಗೆ ಒಳ್ಳೆಯ ಸವಾಲು, ಸಂದರ್ಶನಕ್ಕೆ ಅಪಾಯ.

ಅಳುವಿನ ಬಗ್ಗೆ: ಬೇಡ. ಅತ್ತರೆ ಮೂಗು ಕಟ್ಟುತ್ತದೆ, ಅನುನಾಸಿಕಗಳೆಲ್ಲ ಕಲಸಿಹೋಗುತ್ತವೆ, ದವಡೆ ಬಿಗಿಯುತ್ತದೆ, ಮಾತು ಕೇಳಿಸುವುದಿಲ್ಲ. ಅಳು ಬರುತ್ತಿದ್ದರೂ ಅಳದೆ ಮಾತು ಮುಗಿಸಲು ಹೆಣಗುವವಳನ್ನು ನೋಡುವುದೇ ಹೆಚ್ಚು ಹಿಡಿಯುತ್ತದೆ. ಸಾಯುವ ದೃಶ್ಯ, ಹುಚ್ಚು ಹಿಡಿದ ದೃಶ್ಯ, ಕುಡಿದ ದೃಶ್ಯ, ಶಾಪ ಹಾಕುವ ದೃಶ್ಯ, ಇವನ್ನೂ ಬಿಡಿ. ಇವೆಲ್ಲ ನಾಟಕದಲ್ಲಿ ಒಂದೂವರೆ ತಾಸು ಕಟ್ಟಿದ ಮೇಲೆ ಬರುವ ಶಿಖರಗಳು. ಬುಡವಿಲ್ಲದೆ ಶಿಖರದಿಂದಲೇ ಶುರು ಮಾಡಿದರೆ ಹತ್ತು ಸೆಕೆಂಡಿನಲ್ಲಿ ದನಿ ತುದಿ ಮುಟ್ಟಿರುತ್ತದೆ, ಉಳಿದ ಒಂದು ಮುಕ್ಕಾಲು ನಿಮಿಷ ಅಲ್ಲೇ ಕಿರುಚುತ್ತಿರಬೇಕಾಗುತ್ತದೆ.

ನನ್ನ ಸಲಹೆ: ‘ಯಯಾತಿ’ (1961) ತೆಗೆದು ಚಿತ್ರಲೇಖೆಯ ಭಾಗ ಓದಿ. ಹೊಸದಾಗಿ ಮದುವೆಯಾಗಿ ಬಂದವಳು. ಗಂಡ ಪೂರು ತನ್ನ ತಂದೆಯ ಮುಪ್ಪನ್ನು ಹೊತ್ತುಕೊಂಡಿದ್ದಾನೆ. ಆ ಮುಪ್ಪನ್ನು ವಾಪಸು ತೆಗೆದುಕೊಳ್ಳಿ ಎಂದು ಮಾವನ ಎದುರು ನಿಂತು ಕೇಳುತ್ತಾಳೆ. ಎದುರಿಗೆ ಯಾರು, ಅವನಿಂದ ಏನು ಬೇಕು, ಸಿಗದಿದ್ದರೆ ಏನಾಗುತ್ತದೆ ಎನ್ನುವ ಮೂರಕ್ಕೂ ಉತ್ತರ ನಾಟಕದಲ್ಲೇ ಇದೆ. ವಯಸ್ಸೂ ನಿಮ್ಮದೇ.

ಮೂರನೇಬೆಲ್:

ಆಯ್ಕೆಯ ಬಗ್ಗೆ ಸೈಡ್‌ವಿಂಗ್ ಹೇಳಿದ್ದಕ್ಕೆ ಹೆಚ್ಚು ಸೇರಿಸುವುದಿಲ್ಲ. ಕತ್ತರಿಸುವ ಕೆಲಸದ ಬಗ್ಗೆ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಆಯ್ಕೆ ಹಾಳಾಗುವುದು ಬಹುತೇಕ ಇಲ್ಲಿ.

ಕನ್ನಡ ನಾಟಕಗಳಲ್ಲಿ ಎರಡು ನಿಮಿಷದ ಮಾತು ಇಡಿಯಾಗಿ ಸಿಗುವುದು ಕಡಿಮೆ. ಸಂಭಾಷಣೆಯನ್ನು ಹೊಲಿದು ಮಾಡಿಕೊಳ್ಳಬೇಕು. ಅಳತೆ ಹೀಗಿಟ್ಟುಕೊಳ್ಳಿ: ನಟನೆಯಲ್ಲಿ ವಿರಾಮ, ನೋಟ, ಉಸಿರು ಎಲ್ಲ ಸೇರಿ ನಿಮಿಷಕ್ಕೆ ಸುಮಾರು 80ರಿಂದ 100 ಕನ್ನಡ ಪದ. ಎರಡು ನಿಮಿಷ ಮೀರಬಾರದು ಎಂದಿದ್ದರೆ 160 ಪದಕ್ಕೆ ನಿಲ್ಲಿಸಿ. ಮನೆಯಲ್ಲಿ ಗಡಿಯಾರ ಇಟ್ಟಾಗ ಒಂದು ನಿಮಿಷ 40 ಸೆಕೆಂಡಿಗೆ ಮುಗಿಯಬೇಕು. ಸಂದರ್ಶನದ ಕೋಣೆಯಲ್ಲಿ ಕೆಲವರು ಓಡುತ್ತಾರೆ, ಕೆಲವರು ಎಳೆಯುತ್ತಾರೆ. ಎಳೆಯುವವರಿಗೆ ಆ 20 ಸೆಕೆಂಡು ಬೇಕು. ಸಮಯ ಮೀರಿ ಮಧ್ಯದಲ್ಲಿ ನಿಲ್ಲಿಸಿದರೆ ನೀವು ಕಟ್ಟಿದ ಕೊನೆಯ ತಿರುವನ್ನು ಯಾರೂ ನೋಡುವುದಿಲ್ಲ.

ಹೊಲಿಗೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಉದಾಹರಣೆಗೆಂದು ಐದು ಸಾಲು ಬರೆಯುತ್ತೇನೆ, ಇದು ಯಾವ ನಾಟಕದ್ದೂ ಅಲ್ಲ:

ಅಕ್ಕ: ಕಾಗದಕ್ಕೆ ಸಹಿ ಹಾಕಿದ್ಯಾ?
ತಮ್ಮ: ಇಲ್ಲ. ನಾಳೆ ಹಾಕ್ತೀನಿ.
ಅಕ್ಕ: ಅಮ್ಮನಿಗೆ ಹೇಳಿದ್ಯಾ?
ತಮ್ಮ: ಅವಳಿಗೆ ಈಗ ಏನು ಗೊತ್ತಾಗುತ್ತೆ?
ಅಕ್ಕ: ನಿನ್ನೆ ರಾತ್ರಿ ಎದ್ದು ಬದುವಿನ ಮೇಲೆ ಹೋಗಿ ಕೂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಇದನ್ನು ಕೆಟ್ಟದಾಗಿ ಹೊಲಿದರೆ ಹೀಗಾಗುತ್ತದೆ: “ಕಾಗದಕ್ಕೆ ಸಹಿ ಹಾಕಿದ್ಯಾ? ಏನು, ಇನ್ನೂ ಇಲ್ವಾ? ನಾಳೆ ಹಾಕ್ತೀಯಾ? ಅಮ್ಮನಿಗೆ ಹೇಳಿದ್ಯಾ? ಏನಂದೆ, ಅವಳಿಗೆ ಏನು ಗೊತ್ತಾಗುತ್ತೆ ಅಂದ್ಯಾ?” ತಮ್ಮನ ಮಾತನ್ನೆಲ್ಲ ಅಕ್ಕ ಪ್ರಶ್ನೆಯಾಗಿ ತಿರುಗಿ ಹೇಳುತ್ತಿದ್ದಾಳೆ. ಹೀಗೆ ಮಾಡಿದರೆ ನಟಿ ಕೇಳಿಸಿಕೊಳ್ಳುವ ನಟನೆ ಮಾಡುವುದಿಲ್ಲ, ವರದಿ ಒಪ್ಪಿಸುತ್ತಾಳೆ.

ಸರಿಯಾದ ಹೊಲಿಗೆ: “ಕಾಗದಕ್ಕೆ ಸಹಿ ಹಾಕಿದ್ಯಾ? ... ನಾಳೆ. ಸರಿ. ಅಮ್ಮನಿಗೆ ಹೇಳಿದ್ಯಾ? ... ಗೊತ್ತಾಗುತ್ತೆ ಕಣೋ. ನಿನ್ನೆ ರಾತ್ರಿ ಎದ್ದು ಬದುವಿನ ಮೇಲೆ ಹೋಗಿ ಕೂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.” ತಮ್ಮ ಏನಂದ ಎನ್ನುವುದು ಅಕ್ಕನ ಮುಂದಿನ ಮಾತಿನಿಂದಲೇ ತಿಳಿಯುತ್ತದೆ. ಚುಕ್ಕಿ ಇಟ್ಟ ಎರಡು ಜಾಗದಲ್ಲಿ ನಟಿ ನಿಜವಾಗಿ ಕೇಳಿಸಿಕೊಳ್ಳಬೇಕು. ಒಂದೊಂದಕ್ಕೆ ಒಂದು ಸೆಕೆಂಡು ಸಾಕು, ಆದರೆ ಆ ಒಂದು ಸೆಕೆಂಡಿನಲ್ಲಿ ಮುಖದಲ್ಲಿ ಏನೋ ಬದಲಾಗಬೇಕು. ‘ನಾಳೆ. ಸರಿ.’ ಎನ್ನುವ ಎರಡು ಪದಗಳಲ್ಲೇ ಜಗಳ ಮಾಡುವುದೋ ಬೇಡವೋ ಎಂದು ಅವಳು ನಿರ್ಧರಿಸುತ್ತಾಳೆ. ಇಂಥ ಜಾಗ ಮೂರು ಸಿಕ್ಕರೆ ಧಾರಾಳವಾಯಿತು, ಐದಾರು ಆದರೆ ಫೋನಿನಲ್ಲಿ ಮಾತಾಡಿದ ಹಾಗಾಗುತ್ತದೆ.

ಕತ್ತರಿಸುವಾಗ ಮೊದಲು ತೆಗೆಯಬೇಕಾದ್ದು ಹೊರಗಿನವರಿಗೆ ವಿವರಿಸಬೇಕಾದ ಹೆಸರುಗಳನ್ನು, ನಾಟಕದಲ್ಲಿ ಹಿಂದೆ ಆದ ಘಟನೆಗಳ ಉಲ್ಲೇಖವನ್ನು. ನಾಟಕಕಾರರ ವಾಕ್ಯವನ್ನು ಮಾತ್ರ ತಿದ್ದಬೇಡಿ. ಇಡೀ ಸಾಲು ಬಿಡಬಹುದು, ಸಾಲಿನೊಳಗೆ ಕೈ ಹಾಕಬಾರದು. ಮೇಜಿನ ಆ ಕಡೆ ಕೂತವರಲ್ಲಿ ಆ ನಾಟಕ ಆಡಿಸಿದವರೋ ಆಡಿದವರೋ ಇರುವ ಸಾಧ್ಯತೆ ತುಂಬ ಹೆಚ್ಚು. ಇದೇ ಕಾರಣಕ್ಕೆ ಇಡೀ ನಾಟಕ ಓದದೆ ಹೋಗಬೇಡಿ. “ಈ ದೃಶ್ಯಕ್ಕೆ ಮೊದಲು ಅವಳು ಎಲ್ಲಿದ್ದಳು?” ಎನ್ನುವುದು ಅವರು ಸಹಜವಾಗಿ ಕೇಳುವ ಮೊದಲ ಪ್ರಶ್ನೆ. ಇಂಟರ್ನೆಟ್ಟಿನಲ್ಲಿ ಬಿಡಿಬಿಡಿಯಾಗಿ ಸಿಗುವ ‘ಮೊನೊಲಾಗ್’ ತುಣುಕುಗಳಿಗೆ ನಾಟಕವೇ ಇರುವುದಿಲ್ಲ, ಆ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ.

ಇನ್ನೊಂದು ಮಾತು. ಹಿಂದೆ ಆದದ್ದನ್ನು ಕಥೆಯಾಗಿ ಹೇಳುವ ತುಣುಕುಗಳು ಓದುವಾಗ ಮನಸ್ಸು ಕರಗಿಸುತ್ತವೆ, ಆಡುವಾಗ ಕುಸಿಯುತ್ತವೆ. “ಅಂದು ಮಳೆ ಬರುತ್ತಿತ್ತು, ಅಪ್ಪ ಬಾಗಿಲಲ್ಲಿ ನಿಂತಿದ್ದ” ಎನ್ನುವ ಮಾತನ್ನು ಈಗ, ಇವನಿಗೆ, ಯಾಕೆ ಹೇಳುತ್ತಿದ್ದಾಳೆ ಎಂಬುದು ನಾಟಕದಲ್ಲಿ ಗಟ್ಟಿಯಾಗಿ ಇಲ್ಲದಿದ್ದರೆ ಬಿಟ್ಟುಬಿಡಿ.

ಒತ್ತಕ್ಷರ:

ಭಾಷೆಯ ಪ್ರಶ್ನೆಗೆ ಉತ್ತರಿಸುತ್ತೇನೆ.

ನಿಮ್ಮ ಸೀಮೆಯ ಕನ್ನಡಕ್ಕೆ ಅಂಕ ಕಳೆಯುವ ರಂಗಶಾಲೆ ನನಗೆ ಗೊತ್ತಿಲ್ಲ. ಹುಟ್ಟಿನಿಂದ ಬಂದ ಮಾತಿನ ಲಯ ಬಾಯಲ್ಲಿದ್ದರೆ ಅದು ಆಸ್ತಿ. ತೊಂದರೆ ಬರುವುದು ಎರಡು ಕಡೆ. ಒಂದು, ಗ್ರಾಂಥಿಕ ಕನ್ನಡದಲ್ಲಿರುವ ನಾಟಕವನ್ನು ಅರ್ಧ ನಿಮ್ಮ ಭಾಷೆಗೆ, ಅರ್ಧ ಪುಸ್ತಕದ ಭಾಷೆಗೆ ಎಳೆದಾಗ. ‘ಹೋಗುವುದಿಲ್ಲ’ ಎಂದು ಬರೆದಿದ್ದರೆ ‘ಹೋಗುವುದಿಲ್ಲ’ ಎಂದೇ ಪೂರ್ತಿ ಉಚ್ಚರಿಸಿ. ಒಂದು ಸಾಲಿನಲ್ಲಿ ‘ಹೋಗಂಗಿಲ್ಲ’, ಮುಂದಿನದರಲ್ಲಿ ‘ಹೋಗುವುದಿಲ್ಲ’ ಆದರೆ ಪಾತ್ರ ಎರಡು ಊರಿನವಳಾಗುತ್ತಾಳೆ. ಇನ್ನೊಂದು, ನಿಮ್ಮದಲ್ಲದ ಸೀಮೆಯ ಮಾತನ್ನು ಹೊದ್ದುಕೊಂಡಾಗ. ಚಂದ್ರಶೇಖರ ಕಂಬಾರರ ನಾಟಕಗಳು ನಿಮಗೆ ಹತ್ತಿರವಾಗುತ್ತವೆ. ‘ಜೋಕುಮಾರಸ್ವಾಮಿ’ಯ (1972) ಗೌಡತಿ ಮಗುವಿಗಾಗಿ ಹಂಬಲಿಸುವವಳು, ಮಾತಿಗೆ ಬೆನ್ನೆಲುಬಿದೆ. ಆದರೆ ಅದು ಬೆಳಗಾವಿ ಸೀಮೆಯ ಲಯ. ಹಾವೇರಿಯದಕ್ಕೂ ಅದಕ್ಕೂ ವಾಕ್ಯದ ಕೊನೆಯ ಎಳೆತದಲ್ಲಿ ವ್ಯತ್ಯಾಸ ಇದೆ. ನಿಮ್ಮ ಎಳೆತದಲ್ಲೇ ಆಡಿ, ಅನುಕರಣೆಗೆ ಹೋಗಬೇಡಿ.

ಕೈಲಾಸಂ ನಾಟಕಗಳನ್ನು ಯಾರಾದರೂ ಸೂಚಿಸಿದರೆ ಯೋಚಿಸಿ ಹೆಜ್ಜೆ ಇಡಿ. ಹಳೇ ಮೈಸೂರಿನ ಮಾತು, ನಡುನಡುವೆ ಇಂಗ್ಲಿಷ್, ನಗು ಹುಟ್ಟುವುದು ಎದುರಿನವನ ಮಾತಿಗೆ ತಕ್ಕ ಏಟು ಬಿದ್ದಾಗ. ಒಬ್ಬರೇ ನಿಂತು ಆಡಿದರೆ ಆ ಏಟಿಗೆ ಗೋಡೆಯೇ ಇರುವುದಿಲ್ಲ.

ಉಚ್ಚಾರಣೆಗೆ ಒಂದು ಪರೀಕ್ಷೆ: ಆರಿಸಿದ ತುಣುಕಿನಲ್ಲಿ ಲ-ಳ, ನ-ಣ, ಶ-ಷ-ಸ, ಅಲ್ಪಪ್ರಾಣ-ಮಹಾಪ್ರಾಣ ಇರುವ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ನಾಟಕ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ಅರ್ಥವಾಗದ ಪದ ಬರೆದುಕೊಡಲು ಹೇಳಿ. ಸಾಧಾರಣವಾಗಿ ಆ ಪಟ್ಟಿಯಲ್ಲಿ ಬರುವುದು ಕಷ್ಟದ ಪದಗಳಲ್ಲ, ವಾಕ್ಯದ ಕೊನೆಯಲ್ಲಿ ಉಸಿರು ಮುಗಿದು ನುಂಗಿಹೋದ ಸುಲಭ ಪದಗಳು. ಅದಕ್ಕೆ ಮದ್ದು ಗಟ್ಟಿಯಾಗಿ ಕೂಗುವುದಲ್ಲ. ಉಸಿರು ತೆಗೆದುಕೊಳ್ಳುವ ಜಾಗವನ್ನು ಒಂದು ಪದಗುಚ್ಛ ಹಿಂದಕ್ಕೆ ತರುವುದು.

ಕುಮಾರವ್ಯಾಸನನ್ನು ಈಗ ಕೈಬಿಟ್ಟರೂ ಮುಂದೆ ಬೇರೆ ಕಡೆ ಪದ್ಯ ಕೇಳಬಹುದು, ಹಾಗಾಗಿ ಹೇಳುತ್ತೇನೆ. ಭಾಮಿನಿ ಷಟ್ಪದಿಯಲ್ಲಿ ಮಾತ್ರೆಗಳು ಮೂರು-ನಾಲ್ಕು, ಮೂರು-ನಾಲ್ಕು ಎಂದು ಓಡುತ್ತವೆ. 1, 2, 4, 5ನೇ ಸಾಲುಗಳು ಚಿಕ್ಕವು. 3 ಮತ್ತು 6ನೆಯದು ಉದ್ದ, ಕೊನೆಯಲ್ಲಿ ಒಂದು ಗುರು. ಗಮಕ ಕೇಳಿ ಬೆಳೆದವರ ನಾಲಿಗೆ ತಾನಾಗಿಯೇ ಈ ಓಟಕ್ಕೆ ಸಿಕ್ಕಿ ಹಾಡಲು ಶುರು ಮಾಡುತ್ತದೆ, ದ್ರೌಪದಿ ಸಭೆಗೆ ಪ್ರಶ್ನೆ ಹಾಕುತ್ತಿದ್ದಾಳೆ ಎನ್ನುವುದು ಮರೆತುಹೋಗುತ್ತದೆ. ಬಿಡಿಸಿಕೊಳ್ಳಲು ಪದ್ಯವನ್ನು ಸಾಲು ಒಡೆಯದೆ ಗದ್ಯದ ಹಾಗೆ ಬರೆದುಕೊಳ್ಳಿ, ಅನ್ವಯ ಮಾಡಿ, ಅರ್ಥಕ್ಕೆ ತಕ್ಕಂತೆ ನಿಲ್ಲಿಸಿ ಓದಿ. ಅರ್ಥ ಕೂತಮೇಲೆ ಮಾತ್ರೆಗೆ ಮರಳಿ. ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರಂ’ ನಾಟಕದ ಸರಳ ರಗಳೆಯಲ್ಲಿ ಪ್ರಾಸದ ಕಟ್ಟಿಲ್ಲ, ಅರ್ಥ ಸಾಲು ದಾಟಿ ಹರಿಯುತ್ತದೆ. ನಾಟಕವೇ ಬೇಕು, ಪದ್ಯವೂ ಇರಲಿ ಎನ್ನುವವರಿಗೆ ಅದು ಒಳ್ಳೆಯ ದಾರಿ. ಸಾಲಿನ ಕೊನೆಗೆ ಬಂದಾಗಲೆಲ್ಲ ನಿಲ್ಲಿಸಿದರೆ ಮಾತ್ರ ಕೆಡುತ್ತದೆ.

ಹಾಡನ್ನು ಮಾತಿನ ಜೊತೆ ಬೆರೆಸಬೇಡಿ. ಅದು ಬೇರೆಯೇ ಪರೀಕ್ಷೆ: ಶ್ರುತಿ ನಿಲ್ಲುತ್ತದೆಯೇ, ತಾಳ ತಪ್ಪುತ್ತದೆಯೇ ಎಂದು ನೋಡುತ್ತಾರೆ. ಒಂದು ಪಲ್ಲವಿ, ಒಂದು ಚರಣ, ಒಂದು ನಿಮಿಷ. ಸೋಬಾನೆ, ಲಾವಣಿ, ತತ್ವಪದ ಯಾವುದಾದರೂ ಆಗಬಹುದು. ಶ್ರುತಿಪೆಟ್ಟಿಗೆ ಇಲ್ಲದೆ, ಕೈತಾಳದಲ್ಲೇ, ನಿಮಗೆ ಸುಲಭವಾದ ಶ್ರುತಿಯಲ್ಲಿ ಶುರು ಮಾಡುವುದು ಅಭ್ಯಾಸವಾಗಲಿ. ಶುರುವಿನಲ್ಲೇ ಮೇಲೆ ಹಿಡಿದರೆ ಚರಣದಲ್ಲಿ ದನಿ ಒಡೆಯುತ್ತದೆ.

ಹೊಸಪರದೆ:

ಎಲ್ಲರಿಗೂ ತುಂಬ ಧನ್ಯವಾದ. ‘ಯಯಾತಿ’ ಪೂರ್ತಿ ಓದಿದೆ. ಚಿತ್ರಲೇಖೆಯೇ ಸರಿ ಅನ್ನಿಸುತ್ತಿದೆ, ಆದರೆ ಗೌಡತಿಯೂ ಬಿಡುತ್ತಿಲ್ಲ. ಒಂದೇ ತುಣುಕು ತಯಾರು ಮಾಡಲಾ, ಎರಡಾ? ಅಭ್ಯಾಸ ಹೇಗೆ ಮಾಡಲಿ? ಕೋಣೆಯೊಳಗೆ ಎಲ್ಲಿ ನೋಡಿ ಮಾತಾಡಬೇಕು ಅನ್ನುವುದೂ ಗೊತ್ತಾಗುತ್ತಿಲ್ಲ.

ಸೈಡ್‌ವಿಂಗ್:

ಎರಡೂ ತಯಾರು ಮಾಡಿ. ಒಂದು ಕೇಳಿದ್ದಾರೆ ನಿಜ, ಆದರೆ “ಇನ್ನೇನಾದರೂ ಇದೆಯಾ?” ಎಂದು ಕೇಳಿದಾಗ ಇಲ್ಲ ಎನ್ನುವಂತಾಗಬಾರದು. ಚಿತ್ರಲೇಖೆ ಮೊದಲು, ಗೌಡತಿ ಎರಡನೆಯದು. ಒಂದು ಗ್ರಾಂಥಿಕ, ಇನ್ನೊಂದು ನಿಮ್ಮ ಮಾತಿನ ಸಮೀಪದ್ದು. ಲಯ ಬೇರೆ, ಮೈಕಟ್ಟು ಬೇರೆ. ದುಃಖ ಒಂದು, ಹಾಸ್ಯ ಒಂದು ಎಂದು ಆರಿಸುವುದಕ್ಕಿಂತ ಈ ಥರದ ವ್ಯತ್ಯಾಸ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಭ್ಯಾಸಕ್ಕೆ ಐದು ವಾರವನ್ನು ಹೀಗೆ ಹಂಚಿ. ಮೊದಲ ವಾರ ಬಾಯಿಪಾಠ ಬೇಡ. ನಾಟಕ ಎರಡು ಸಲ ಓದಿ, ತುಣುಕು ಹೊಲಿಯಿರಿ, ಪ್ರತಿ ತಿರುವಿನ ಪಕ್ಕ ಒಂದೊಂದು ಕ್ರಿಯಾಪದ ಬರೆಯಿರಿ: ಓಲೈಸು, ಚುಚ್ಚು, ಅಂಗಲಾಚು, ಸವಾಲು ಹಾಕು. ‘ದುಃಖದಿಂದ’, ‘ಕೋಪದಿಂದ’ ಎಂದು ಬರೆಯಬೇಡಿ. ಕೋಪವನ್ನು ಆಡಲು ಹೋದರೆ ಹುಬ್ಬು ಗಂಟಾಗುತ್ತದೆ ಅಷ್ಟೇ. ಚುಚ್ಚಲು ಹೋದರೆ ಕೋಪ ತಾನೇ ಬರುತ್ತದೆ.

ಎರಡನೆಯ ವಾರ ಬಾಯಿಪಾಠ, ಆದರೆ ಭಾವವಿಲ್ಲದೆ. ಪಾತ್ರೆ ತೊಳೆಯುತ್ತ, ಬಟ್ಟೆ ಮಡಿಸುತ್ತ, ನಡೆಯುತ್ತ ಸಪ್ಪೆಯಾಗಿ ಹೇಳಿಕೊಳ್ಳಿ. ಪಾಠ ಮಾಡುವಾಗಲೇ ಏರಿಳಿತ ಹಾಕಿಬಿಟ್ಟರೆ ಪದದ ಜೊತೆ ಆ ರಾಗವೂ ಅಂಟಿಕೊಂಡು ಮತ್ತೆ ಬಿಡುವುದಿಲ್ಲ. ಮುಂದಿನ ಎರಡು ವಾರ ಒಂದೇ ತುಣುಕನ್ನು ಬೇರೆಬೇರೆ ಥರ ಆಡಿ: ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎನ್ನುವಂತೆ ಪಿಸುಮಾತಿನಲ್ಲಿ, ನಗುತ್ತ, ಕೂತಲ್ಲಿಂದ ಅಲ್ಲಾಡದೆ, ಚಿಕ್ಕ ಮಗುವಿಗೆ ಹೇಳುವಂತೆ. ಕೊನೆಯ ವಾರ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಆಡಬೇಡಿ.

ಇಷ್ಟು ಬೇರೆಬೇರೆ ಥರ ಏಕೆ? ಕೋಣೆಯಲ್ಲಿ ನೀವು ಮುಗಿಸಿದ ಮೇಲೆ ಬರುವುದು ಅದೇ. “ಇದನ್ನೇ ಸಿಟ್ಟಿಲ್ಲದೆ ಮಾಡು”, “ಅವನನ್ನು ನಗಿಸಲು ನೋಡು” ಎನ್ನುತ್ತಾರೆ. ಮೊದಲು ಮಾಡಿದ್ದು ಕೆಟ್ಟದಾಗಿತ್ತು ಎಂದು ಇದರ ಅರ್ಥವಲ್ಲ. ಹೇಳಿದ್ದನ್ನು ತೆಗೆದುಕೊಳ್ಳುತ್ತೀರಾ ಎಂದು ನೋಡುತ್ತಿದ್ದಾರೆ. ಒಂದೇ ಅಚ್ಚಿನಲ್ಲಿ ಕಲಿತವರು ಇಲ್ಲಿ ಅದನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾರೆ. ಸಪ್ಪೆಯಾದರೂ ಚಿಂತೆಯಿಲ್ಲ, ನಿಜವಾಗಿ ಬೇರೆ ಮಾಡಿ.

ನೋಟದ ವಿಷಯ: ಸಂದರ್ಶಕರ ಕಣ್ಣು ನೋಡಿ ಆಡಬೇಡಿ. ಅವರು ಬರೆದುಕೊಳ್ಳಬೇಕು, ನೀವು ಅವರನ್ನು ಯಯಾತಿ ಮಾಡಿದರೆ ಅವರಿಗೂ ಇರುಸುಮುರುಸು. ಅವರ ತಲೆಯ ಮೇಲಿಂದ ಸ್ವಲ್ಪ ಪಕ್ಕಕ್ಕೆ, ಹಿಂದಿನ ಗೋಡೆಯಲ್ಲಿ, ನಿಂತ ಮನುಷ್ಯನ ಕಣ್ಣಿನ ಎತ್ತರದಲ್ಲಿ ಒಂದು ಬಿಂದು ಇಟ್ಟುಕೊಳ್ಳಿ. ಯಯಾತಿ ಅಲ್ಲಿದ್ದಾನೆ. ಅವನನ್ನು ನಿಮ್ಮ ಬಲಕ್ಕೋ ಎಡಕ್ಕೋ ಪೂರ್ತಿ ಪಕ್ಕದಲ್ಲಿ ನಿಲ್ಲಿಸಿದರೆ ನಿಮ್ಮ ಅರ್ಧ ಮುಖವೇ ಕಾಣುತ್ತದೆ. ಎರಡು ನಿಮಿಷವೂ ಆ ಬಿಂದುವನ್ನೇ ದಿಟ್ಟಿಸಬೇಕಿಲ್ಲ. ಯೋಚಿಸುವಾಗ ಯಾರೂ ಎದುರಿನವರ ಕಣ್ಣಲ್ಲೇ ಕಣ್ಣಿಡುವುದಿಲ್ಲ. ಆದರೆ ಮರಳಿ ಬಂದಾಗ ಅವನು ಅಲ್ಲೇ, ಅದೇ ಎತ್ತರದಲ್ಲಿರಬೇಕು.

ಮೇಜಿನ ಹಿಂದೆ ಕೂತವರಿಗೆ ನೆಲದ ಮೇಲೆ ಬಿದ್ದದ್ದು ಕಾಣುವುದಿಲ್ಲ, ಹಾಗಾಗಿ ಮಂಡಿಯೂರುವುದು, ಉರುಳುವುದು ಬೇಡ. ಒಂದು ಕುರ್ಚಿ ಕೇಳಬಹುದು. ದೀಪ, ಬಟ್ಟಲು, ಪತ್ರ ಏನನ್ನೂ ತರಬೇಡಿ. ಒಳಗೆ ಬಂದು ಹೆಸರು, ನಾಟಕ, ನಾಟಕಕಾರ, ಪಾತ್ರ, ಇಷ್ಟು ಹೇಳಲು ಹತ್ತು ಸೆಕೆಂಡು ಸಾಕು. ಕಥೆ ಹೇಳಬೇಡಿ. ಆಮೇಲೆ ತಿರುಗಿ ನಿಂತು, ತಲೆ ಬಗ್ಗಿಸಿ, ‘ಮೂಡ್’ ತಂದುಕೊಳ್ಳುವ ಪದ್ಧತಿ ಬಹಳ ಜನರಲ್ಲಿದೆ, ಬೇಕಿಲ್ಲ. ಯಯಾತಿ ಈಗಷ್ಟೇ ಏನು ಹೇಳಿದ ಎಂಬುದನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳಿ, ಅದಕ್ಕೆ ಉತ್ತರವಾಗಿ ಮೊದಲ ಸಾಲು ಹೊರಡಲಿ. ಮುಗಿದ ಮೇಲೆ ಒಂದು ಉಸಿರಿನಷ್ಟು ನಿಂತು, ನೇರ ಅವರ ಕಡೆ ನೋಡಿ. ‘ಸಾರಿ, ಸರಿಯಾಗಿ ಬರಲಿಲ್ಲ’ ಎಂದು ಬಾಯಿಬಿಡಬೇಡಿ.

ಸಾಲು ಮರೆತರೆ ಪಾತ್ರದಿಂದ ಹೊರಗೆ ಬರದೆ, ನಿಮ್ಮ ಬಿಂದುವನ್ನು ನೋಡುತ್ತ, ಹಿಂದಿನ ತಿರುವಿನ ಕ್ರಿಯಾಪದ ನೆನಪಿಸಿಕೊಳ್ಳಿ. ಪದಕ್ಕಿಂತ ಅದು ಬೇಗ ಸಿಗುತ್ತದೆ, ಅದರ ಬೆನ್ನಿಗೆ ಪದವೂ ಬರುತ್ತದೆ.

ಫ್ರೇಮ್‌ಬುಕ್:

ಸಿನಿಮಾ ಆಡಿಷನ್ ಪ್ರಶ್ನೆ ಹಾಗೇ ಉಳಿದಿದೆ. ಚಿತ್ರಲೇಖೆಯನ್ನು ಕ್ಯಾಮೆರಾಗೆ ಕಳಿಸಬೇಡಿ. ಗ್ರಾಂಥಿಕ ಭಾಷೆ, ರಂಗಮಂದಿರದ ಕೊನೆಯ ಸಾಲಿಗೆ ಮುಟ್ಟುವ ದನಿ, ಎರಡೂ ಎದೆಮಟ್ಟದ ಶಾಟ್‌ನಲ್ಲಿ ದೊಡ್ಡದಾಗಿ ಕಾಣುತ್ತವೆ. ಅಲ್ಲಿಗೆ ಬೇಕಿರುವುದು ಆಡುಮಾತಿನ, ಒಂದು ನಿಮಿಷದ, ಒಬ್ಬರಿಗೆ ಹತ್ತಿರದಿಂದ ಹೇಳುವ ಮಾತು. ಮೇಲೆ ಅಕ್ಕ-ತಮ್ಮನ ಉದಾಹರಣೆ ಇದೆಯಲ್ಲ, ಆ ಬಗೆಯದು. ತಂಡದವರೇ ಸಾಲು ಕಳಿಸಿದ್ದರೆ ಅದನ್ನೇ ಮಾಡಿ, ನಿಮ್ಮದನ್ನು ಸೇರಿಸಬೇಡಿ.

ಫೋನನ್ನು ಅಡ್ಡ ಹಿಡಿದು, ಟ್ರೈಪಾಡ್ ಮೇಲೆ ಕಣ್ಣಿನ ಎತ್ತರಕ್ಕೆ ಇಡಿ. ಹಿಂದೆ ಖಾಲಿ ಗೋಡೆ, ಗೋಡೆಯಿಂದ ಮೂರು-ನಾಲ್ಕು ಅಡಿ ಮುಂದೆ ನಿಲ್ಲಿ, ಇಲ್ಲದಿದ್ದರೆ ನೆರಳು ಬೀಳುತ್ತದೆ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನಿಗಲ್ಲ. ಎದುರಿನ ಪಾತ್ರದ ಸಾಲು ಓದುವವರು ಲೆನ್ಸಿಗೆ ಒತ್ತಿಕೊಂಡು ಒಂದು ಪಕ್ಕ ನಿಲ್ಲಲಿ, ದನಿ ತಗ್ಗಿಸಿ ಓದಲಿ. ಅವರು ಮೈಕಿಗೆ ಹತ್ತಿರ ಇರುವುದರಿಂದ ನಿಮಗಿಂತ ಜೋರಾಗಿ ಕೇಳಿಸುತ್ತಾರೆ. ಲೆನ್ಸನ್ನೇ ನೋಡುವುದು ಹೆಸರು, ವಯಸ್ಸು, ಎತ್ತರ ಹೇಳುವಾಗ ಮಾತ್ರ. ಫ್ಯಾನ್ ಆರಿಸಿ. ಫಿಲ್ಟರ್, ಹಿನ್ನೆಲೆ ಸಂಗೀತ ಏನೂ ಬೇಡ. ಕಾಸ್ಟಿಂಗ್ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಮೂರನೇಬೆಲ್:

ಹೊಸಪರದೆ ಅವರಿಗೆ ಚಿತ್ರಲೇಖೆಯ ಹೊಲಿಗೆ ಬಗ್ಗೆ ಒಂದು ಮಾತು. ಆ ದೃಶ್ಯದಲ್ಲಿ ಯಯಾತಿಯ ಮಾತುಗಳೂ ಸಾಕಷ್ಟಿವೆ, ಹಾಗಾಗಿ ಆರಂಭವನ್ನು ತಡವಾಗಿ ಹಿಡಿಯಿರಿ: ಗೌರವದ ಮಾತೆಲ್ಲ ಮುಗಿದು, ಅವಳು ನೇರವಾಗಿ ಕೇಳಲು ಶುರು ಮಾಡುವ ಸಾಲಿನಿಂದ. ಕೊನೆಗೆ ಅವಳು ವಿಷ ಕುಡಿಯುವ ತನಕ ಹೋಗಬೇಡಿ. ಯಯಾತಿ ಒಪ್ಪುವುದಿಲ್ಲ ಎಂದು ಅವಳಿಗೆ ಖಚಿತವಾಗುವ ಜಾಗದಲ್ಲಿ ನಿಲ್ಲಿಸಿ. ಹೊಲಿದ ಪಠ್ಯವನ್ನು ಇಲ್ಲಿ ಹಾಕುವುದು ಬೇಡ, ಅದಕ್ಕೆ ಹಕ್ಕುಸ್ವಾಮ್ಯ ಇದೆ. ಯಾವ ಪುಟದಿಂದ ಯಾವ ಪುಟಕ್ಕೆ, ಎಷ್ಟು ಪದ, ಎಲ್ಲಿ ಮೂರು ತಿರುವು ಸಿಕ್ಕವು ಎಂದಷ್ಟೇ ಬರೆಯಿರಿ; ಎಲ್ಲಿ ಇನ್ನೂ ಕತ್ತರಿಸಬಹುದು ಎಂದು ನೋಡಿ ಹೇಳುತ್ತೇನೆ.